ಮಗ್ಗದ ಹಿಂದಿನ ನವಿಲು

ನೀಲಾ ನಮ್ಮ ಮನೆಗೆ ನೇಯ್ಗೆ ಕಲಿಯಲು ಬಂದ ದಿನ ಅಮ್ಮಿ ಮಗ್ಗದ ಮುಂದಿನ ಹಲಗೆಯ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ, "ಬಾ, ಕೂಡು" ಎಂದಳು. ಅಷ್ಟೇ. ಆ ಎರಡು ಮಾತಿಗಾಗಿ ನಾನು ಬುದ್ಧಿ ಬಂದಾಗಿನಿಂದ ಕಾದಿದ್ದೆ. ಅವು ಸಿಕ್ಕಿದ್ದು ಯಮನೂರಿನ ಕಡೆ ಅಪ್ಪನ ಕುರಿಗಳ ಹಿಂದೆ ತಿರುಗಿಕೊಂಡಿದ್ದ ಹುಡುಗಿಗೆ.

ನಮ್ಮದು ನವಲಗುಂದದಲ್ಲಿ ಜಮಖಾನ ನೇಯುವ ಮನೆ. ನಮ್ಮಲ್ಲಿ ಈ ವಿದ್ಯೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಇಂದಲ್ಲ ನಾಳೆ ನಿಕಾಹ್ ಆಗಿ ಹೋಗುವವಳು. ಹೋಗುವಾಗ ಕೈಯಲ್ಲಿನ ವಿದ್ಯೆಯನ್ನೂ ಬೇರೆ ಮನೆಗೆ ಒಯ್ದಾಳು ಎಂಬ ಹೆದರಿಕೆ. ಸೊಸೆಯರು ಮಗ್ಗದ ಮುಂದೆ, ಹೆಣ್ಣುಮಕ್ಕಳು ಮಗ್ಗದ ಹಿಂದೆ. ನಮ್ಮ ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತದ್ದು. ಅದರ ಹಿಂದೆ ಕೂತು ನೂಲಿನ ಉಂಡೆ ಸುತ್ತುವುದು, ಹಾಸಿನ ಎಳೆಗಳ ಸಂದಿಯಿಂದ ಅಮ್ಮಿಗೆ ಅದನ್ನು ಕೊಡುವುದು, ಇದು ನನ್ನ ಕೆಲಸ. ಪಿಯುಸಿ ಮುಗಿದರೂ ಅದೇ ಕೆಲಸ.

ತರಬೇತಿ ಕೇಂದ್ರದವರು ನೀಲಾಳನ್ನು ಕಳಿಸಿದಾಗ ದಾದಿ ಬೇಡ ಎನ್ನಲಿಲ್ಲ. ದಾದಿ ಎಂದರೆ ರಾಜಮಾಬಿ, ತೀರಿಹೋದ ನನ್ನ ಅಬ್ಬಾನ ತಾಯಿ, ಅಮ್ಮಿಗೆ ನೇಯ್ಗೆ ಕಲಿಸಿದ ಅತ್ತೆ. "ಕುರುಬರ ಹುಡುಗಿ, ಕಲತ್ರ ಕಲೀಲಿ. ಆಕಿ ಏನ್ ನಮ್ಮ ಬೀಗರ ಮನಿಗೆ ಹೋಗಾಕಿ ಅಲ್ಲಲಾ" ಎಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇದಕ್ಕೇ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು. ನೀಲಾ ಬಂದ ಮೇಲೆ ಅವಳಿಗೆ ತಿಳಿಯಲೆಂದು ಎಲ್ಲರೂ ಕನ್ನಡಕ್ಕೆ ತಿರುಗಿದರು. ಅದಕ್ಕೂ ನನಗೆ ಸಿಟ್ಟು. ಅವಳು ಹಲಗೆಯ ಮೇಲೆ ಕೂತು "ನಸ್ರೀನ್, ಕೆಂಪು ಉಂಡಿ ಕೊಡು" ಎನ್ನುವಳು. ನಾನು ಹಳದಿ ಕೊಡುತ್ತಿದ್ದೆ.

ಅವಳ ಕೈ ಚೆನ್ನಾಗಿತ್ತು. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಬೆಣ್ಣಿಹಳ್ಳಕ್ಕೆ ಆ ಮಳೆಗಾಲದ ಹೊಸ ನೀರು ಬಂದ ವಾರ, ಅಮ್ಮಿ ಬಣ್ಣ ಹಾಕಿದ ನೂಲನ್ನು ತೊಳೆಯಲು ಯಮನೂರಿನ ಆಚೆಯ ದಂಡೆಗೆ ಹೊರಟಳು. ನೀಲಾಳಿಗೆ ಸ್ವಂತ ಒಂದು ಚಿಕ್ಕ ಜಮಖಾನ ಹಾಕಿಕೊಡಬೇಕೆಂದು ಆ ನೂಲು. ನಡು ಮಧ್ಯಾಹ್ನ ಹಳ್ಳಕ್ಕೆ ಇಳಿಯಬೇಡ ಎಂದು ದಾದಿ ಬಾಗಿಲ ತನಕ ಹೇಳುತ್ತಲೇ ಬಂದಳು. ಅಮ್ಮಿ ನಕ್ಕು ಟಂಟಂ ಹತ್ತಿದಳು.

ಸಂಜೆಗೆ ಅವಳು ತನ್ನ ಕಾಲಿನಿಂದಲೇ ನಡೆದು ಬಂದಳು. ನೂಲು ಇರಲಿಲ್ಲ. ಹತ್ತೂ ಬೆರಳುಗಳ ತುದಿಯಿಂದ ನೀರು ಹನಿಯುತ್ತಿತ್ತು; ಒರೆಸಿದಷ್ಟೂ ಹನಿಯುತ್ತಿತ್ತು. "ಅಮ್ಮಿ" ಎಂದೆ. ಅವಳು ನನ್ನನ್ನು ದಾಟಿ ಗೋಡೆ ನೋಡಿದಳು. ಮಂಚದ ಮೇಲೆ ಕೂರಿಸಿದರೆ ಕೂತಳು, ಆಮೇಲೆ ಕೈಗಳು ಗಾಳಿಯಲ್ಲಿ ಇಲ್ಲದ ಎಳೆಗಳನ್ನು ಆರಿಸತೊಡಗಿದವು. ನಾನು ಆ ಕೈಗಳನ್ನು ಹಿಡಿದುಕೊಂಡು ಅತ್ತೆ. ಹಿಡಿದರೂ ಬೆರಳುಗಳು ಆಡುತ್ತಲೇ ಇದ್ದವು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತ ನೋಡಿದರು, ತಲೆಯ ಚಿತ್ರ ತೆಗೆದರು, ಎಲ್ಲ ಸರಿಯಾಗಿದೆ ಎಂದರು. ದರ್ಗಾಕ್ಕೆ ಹೋಗಿ ಬಂದೆವು. ಅಮ್ಮಿ ಉಣ್ಣಲಿಲ್ಲ, ಮಲಗಲಿಲ್ಲ, ಗಾಳಿಯನ್ನೇ ನೇಯುತ್ತ ಕೂತಳು.

ಅಮ್ಮಿಯನ್ನು ಚಾಚಿ ಎನ್ನುತ್ತಿದ್ದ ನೀಲಾ ಮಾತ್ರ ದಿನವೂ ಬರುತ್ತಿದ್ದಳು. ಬೈದರೂ ಬರುತ್ತಿದ್ದಳು. ಒಂದು ದಿನ ಅಮ್ಮಿಯನ್ನು ಅಂಗಳದ ಬಿಸಿಲಿಗೆ ಕರೆತಂದಾಗ ಅವಳೇ ನನ್ನ ಭುಜ ಹಿಡಿದಳು.

"ಲೇ ನಸ್ರೀನ್, ಚಾಚಿ ನೆಳ್ಳ ನೋಡಬೇ."

ನೋಡಿದೆ. ನನ್ನ ನೆರಳು, ನೀಲಾಳ ನೆರಳು ಕರ್ರಗೆ ಬಿದ್ದಿದ್ದವು. ಅಮ್ಮಿಯದು ನೀರು ಹೆಚ್ಚಾದ ಚಹಾದ ಹಾಗಿತ್ತು. ದಾದಿ ಅದನ್ನು ಕಂಡವಳೇ ಹೊಸ್ತಿಲ ಮೇಲೆ ಕುಸಿದು ಕೂತು ಎದೆ ಎದೆ ಬಡಿದುಕೊಂಡಳು.

"ಪರಿಗೋಳು ಒಯ್ದಾರ. ನನ್ನ ಅತ್ತೀನೂ ಹಿಂಗ ಒಯ್ದಿದ್ರು."

"ಅಕ್ಕಗೋಳು ಏನ್ರಿ ದಾದಿ? ಹಳ್ಳದ ಅಕ್ಕಗೋಳು?" ಎಂದಳು ನೀಲಾ.

"ನೀವು ಅಕ್ಕಗೋಳು ಅಂತೀರಿ, ನಾವು ಪರಿ ಅಂತೀವಿ. ನೀರಿಗೆ ಎರಡೂ ಒಂದ."

ಆ ದಿನ ದಾದಿ ನಮ್ಮಿಬ್ಬರಿಗೂ ಹೇಳಿದ್ದು ಇಷ್ಟು. ಹಿಂದೆ ಮದುವೆ ಮನೆಯವರು ಹಳ್ಳದ ದಂಡೆಗೆ ಹೋಗಿ, ಹೂವಿಟ್ಟು, ಬೀಗರು ಬರುತ್ತಾರೆ, ಹಾಸಲು ಏನಾದರೂ ಕೊಡಿರಿ ಎಂದು ಕೇಳಿಕೊಂಡರೆ, ಮರುದಿನ ದಂಡೆಯ ಮೇಲೆ ಒಂದು ಜಮಖಾನ ಇರುತ್ತಿತ್ತು. ಮದುವೆ ಮುಗಿದ ಮೇಲೆ ಅದನ್ನು ಅಲ್ಲೇ ಇಟ್ಟು ಬರಬೇಕು. ನಮ್ಮ ಮನೆಯ ಸೊಸೆಯೊಬ್ಬಳು ಇಟ್ಟು ಬರಲಿಲ್ಲ. ಆ ಜಮಖಾನದಲ್ಲಿ ಎರಡು ನವಿಲುಗಳು ಒಂದನ್ನೊಂದು ನೋಡುತ್ತ ನಿಂತಿದ್ದವಂತೆ. ಅಂಥ ನವಿಲನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಹೇಗೆ ನೇಯ್ದಿದ್ದಾರೆ ನೋಡೋಣ ಎಂದು ಒಂದು ತುದಿಯಿಂದ ಬಿಚ್ಚಿದಳು. ಉಳಿದವರು ಚೆಂದದ್ದನ್ನು ಕಂಡರೆ ಕದಿಯುತ್ತಾರೆ. ನಾವು ನೇಯುವವರು ಬಿಚ್ಚುತ್ತೇವೆ. ಬಲಗಡೆಯ ನವಿಲು ಅವಳ ಕೈಗೆ ಬಂತು. ಎಡಗಡೆಯದನ್ನು ಬಿಚ್ಚುವಷ್ಟರಲ್ಲಿ ನೂಲೆಲ್ಲ ನೀರಾಗಿ ಹರಿದುಹೋಯಿತು.

"ಅಕ್ಕಗೋಳು ಅಂದ್ರು, ನಮ್ಮ ಜಮಖಾನ ನಮಗ ತಿರುಗಿ ಬರೂತನಕ ನಿಮ್ಮ ಮನಿಯಾಗಿನ ಚಲೋ ಕೈ ನಮ್ಮದು. ಮಗ್ಗದ ಮುಂದ ಕುಂತು ಕಲತ ಕೈಗೆ ಎಡದ ನವಿಲು ಎಂದೂ ಬರೂದಿಲ್ಲ ಅಂದ್ರು." ದಾದಿ ಮುಖ ಒರೆಸಿಕೊಂಡಳು. "ನಾನೂ ಜನ್ಮಪೂರ್ತಿ ನೇಯ್ದು ನೋಡೇನಿ. ಕುತಿಗಿ ಮುರೀತೈತಿ, ಎಳಿ ಜಾರತಾವು. ನಮ್ಮತ್ತಿ ನೆಳ್ಳು ತೆಳ್ಳಗಾಗಿ, ತೆಳ್ಳಗಾಗಿ, ಒಂದಿನ ಮಂಚದ ಮ್ಯಾಲೆ ಬರೇ ಹಸಿ ಉಳೀತು."

ಅದಕ್ಕೇ ನಮ್ಮ ಮನೆಯ ಜಮಖಾನದಲ್ಲಿ ನವಿಲುಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಬೇರೆ ಮನೆಗಳಲ್ಲಿ ಎದುರುಬದುರು ನಿಲ್ಲುತ್ತವೆ, ನಮ್ಮಲ್ಲಿ ಇಲ್ಲ. ಮಗುಚಿ ಹಾಕಿದರೆ ಎರಡೂ ಕೂಡಿಯೇ ಮುಖ ತಿರುಗಿಸುತ್ತವೆ. ನಾನು ಅದನ್ನು ನಮ್ಮ ಮನೆಯ ಗುರುತು ಅಂದುಕೊಂಡಿದ್ದೆ. ಅದು ಶಾಪ ಎಂದು ಗೊತ್ತಿರಲಿಲ್ಲ.

ಸಿಟ್ಟನ್ನು ಎಲ್ಲಿ ಇಳಿಸುವುದು? ಎದುರಿಗೆ ನೀಲಾ ಇದ್ದಳು.

"ಆ ನೂಲು ನಿನ್ನ ಸಲುವಾಗಿ ಇತ್ತು. ನೀ ಬರದಿದ್ರ ನಮ್ಮಮ್ಮಿ ಹಳ್ಳಕ್ಕ ಹೋಗತಿದ್ದಿಲ್ಲ. ಉಂಡ ಮನಿ ಜಂತಿ ಎಣಿಸಾಕ ಬಂದಿ. ಹೋಗು, ಇನ್ನ ಈ ಕಡೆ ಮಾರಿ ತೋರಿಸಬ್ಯಾಡ."

ಅವಳು ಹೋದಳು. ಮರುದಿನ ಬೆಳಗಾಗುತ್ತಲೇ ಬಂದು, ಯಾರನ್ನೂ ಕೇಳದೆ, ಹಲಗೆಯ ಮೇಲೆ ಕೂತು ಎಡದ ನವಿಲನ್ನು ನೇಯಲು ಹತ್ತಿದಳು.

ನಾನು ಎಂದಿನಂತೆ ಮಗ್ಗದ ಹಿಂದೆ ಹೋಗಿ ಕೂತೆ. ಉಂಡೆ ಕೊಡಲಿಕ್ಕಲ್ಲ, ಅವಳು ಸೋಲುವುದನ್ನು ನೋಡಲಿಕ್ಕೆ. ಅವಳ ಎಳೆಗಳು ಜಾರಿದವು. ಬಿಚ್ಚಿದಳು, ಮತ್ತೆ ಹಾಕಿದಳು. ನವಿಲಿನ ಕುತ್ತಿಗೆ ಮತ್ತೆ ಮುರಿಯಿತು. ಎಳೆ ಬಡಿದು ಕೂರಿಸುವ ಹಲ್ಲುಹಲ್ಲಿನ ಕಬ್ಬಿಣದ ಪಂಜಾ ಅವಳ ಕೈಯಿಂದ ಬಿತ್ತು. ಅಂಗಳದಲ್ಲಿ ಅಮ್ಮಿಯ ನೆರಳು ನಿನ್ನೆಗಿಂತ ತೆಳ್ಳಗಿತ್ತು. ನನಗೆ ತಡೆಯಲಾಗಲಿಲ್ಲ.

"ಏಳಬೇ! ಕುತಿಗಿ ಹಂಗ ತಿರುಗಸ್ತಾರೇನು? ಕಣ್ಣಿಲ್ಲೇನು ನಿನಗ?"

ಮುಂದೆ ಬಂದು ಅವಳನ್ನು ಬಾಜು ತಳ್ಳಿ ಹಲಗೆಯ ಮೇಲೆ ಕೂತೆ. ಆ ಹಲಗೆಯ ಮೇಲೆ ನಾನು ಕೂತದ್ದು ಅದೇ ಮೊದಲು. ಹಿತ್ತಲಲ್ಲಿ ಹಳೆಯ ಕಿಟಕಿಯ ಚೌಕಟ್ಟಿಗೆ ನೂಲು ಬಿಗಿದು ಕದ್ದು ಕದ್ದು ನೇಯ್ದಿದ್ದನ್ನು ಕೈ ತಾನೇ ಮಾಡತೊಡಗಿತು. ಕಾಲು, ಹೊಟ್ಟೆ, ಎದೆ, ಕುತ್ತಿಗೆ, ಜುಟ್ಟು. ಒಂದು ಎಳೆಯೂ ಜಾರಲಿಲ್ಲ.

"ಲೇ, ಇದು ತಿರುವುಮುರುವು ಐತಲ್ಲ" ಎಂದಳು ನೀಲಾ.

ನೋಡಿದೆ. ನನ್ನ ಮುಖಕ್ಕೆ ಯಾರೋ ಬೆಂಕಿ ಹಿಡಿದ ಹಾಗಾಯಿತು. ಇಷ್ಟು ವರ್ಷ ಮಗ್ಗದ ಹಿಂದೆ ಕೂತು ನೋಡಿ ನೋಡಿ ನಾನು ಕಲಿತದ್ದೆಲ್ಲ ಉಲ್ಟಾ. ಅಮ್ಮಿಯ ಕೈ ಬಲಕ್ಕೆ ಹೋದರೆ ನನ್ನ ಕಣ್ಣಿಗೆ ಎಡಕ್ಕೆ ಹೋಗಿತ್ತು. ನಾಚಿಕೆಯಿಂದ ಸಾಯುವಂತಾಗಿ ಸರಸರ ಬಿಚ್ಚಲು ಎಳೆ ಹಿಡಿದೆ. ನೀಲಾ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಬಿಚ್ಚಬ್ಯಾಡ! ನಿನ್ನ ಕೈ ಮುಗಿತೀನಿ, ಬಿಚ್ಚಬ್ಯಾಡ. ದಾದಿ, ಬರ್ರಿ ಇಲ್ಲೆ! ಎಡದ ನವಿಲು ನೋಡ್ರಿ!"

ದಾದಿ ಬಂದು ನೋಡಿದಳು. ಅದರ ಕೊಕ್ಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು. ಎಷ್ಟೋ ಹೊತ್ತು ತೆಗೆಯಲಿಲ್ಲ.

ಆದರೆ ನನಗೆ ಬಲದ ನವಿಲು ಬರುತ್ತಿರಲಿಲ್ಲ, ಪ್ರಯತ್ನಿಸಿದರೆ ಕೈ ಗೊಂದಲವಾಗುತ್ತಿತ್ತು. ನೀಲಾಳಿಗೆ ಎಡದ್ದು ಬರುತ್ತಿರಲಿಲ್ಲ. ಎಣ್ಣೆ ಸೀಗೆಕಾಯಿಯಂಥ ನಾವಿಬ್ಬರೂ ಒಂದೇ ಹಲಗೆಯ ಮೇಲೆ ಮೈಗೆ ಮೈ ತಾಗಿಸಿ ಕೂರಬೇಕಾಯಿತು. ನನ್ನ ಅರ್ಧ ನನಗೆ, ಅವಳ ಅರ್ಧ ಅವಳಿಗೆ. ಇಬ್ಬರೂ ಪೈಪೋಟಿಗೆ ಬಿದ್ದವರ ಹಾಗೆ ಪಂಜಾ ಬಡಿದೆವು. ಎರಡು ನವಿಲು ಮೊಣಕಾಲೆತ್ತರ ಎದ್ದ ಮೇಲೆ ದಾದಿ ಬಂದು ನಡುವೆ ಬೆರಳು ತೂರಿಸಿದಳು. ಬೆರಳು ಆಚೆ ಹೊರಟಿತು.

"ಇದೇನ ಇದು? ಜಮಖಾನ ಮಾಡ್ರಿ ಅಂದ್ರ ಎರಡು ಪಟ್ಟಿ ಮಾಡಿ ಕುಂತೀರಿ. ಹೊಟ್ಟಿಕಿಚ್ಚಿನವರಾ!"

ಇಬ್ಬರು ಕೂಡಿ ನೇಯುವಾಗ, ನಡುವೆ ಒಬ್ಬಳ ಎಳೆಗೆ ಇನ್ನೊಬ್ಬಳ ಎಳೆಯನ್ನು ಕೊಕ್ಕೆ ಹಾಕಿ ಹಿಂದಕ್ಕೆ ತಿರುಗಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಮೊದಲು ಎಳೆ ಚಾಚುವವಳು ಯಾರು ಎಂದು ಇಬ್ಬರೂ ಬಿಗುಮಾನದಲ್ಲಿ ಕೂತಿದ್ದೆವು. ಆ ಬಿಗುಮಾನದ ಉದ್ದಕ್ಕೂ ಜಮಖಾನ ಸೀಳಿತ್ತು.

ಎಲ್ಲವನ್ನೂ ಬಿಚ್ಚಿದೆವು. ನೀಲಾ ಅಳುತ್ತ ಬಿಚ್ಚಿದಳು, ನಾನು ಹಲ್ಲು ಕಚ್ಚಿ ಬಿಚ್ಚಿದೆ. ಅಂಗಳದಲ್ಲಿ ಅಮ್ಮಿ ಕೂತ ಕಡೆ ನೆರಳು ಇದೆಯೋ ಇಲ್ಲವೋ ಎಂದು ಬಗ್ಗಿ ಹುಡುಕಬೇಕಾಗಿತ್ತು.

ಮತ್ತೆ ಮೊದಲಿನಿಂದ. ಈ ಸಲ ನಾನೇ ಎಳೆ ಚಾಚಿದೆ. "ತಗೋ." ಅವಳು ಕೊಕ್ಕೆ ಹಾಕಿ ತಿರುಗಿಸಿದಳು. "ನಿಂದ ಕೊಡು." ಕೊಟ್ಟಳು. ಒಬ್ಬಳು ಮುಂದೆ ಓಡುವಂತಿಲ್ಲ, ಒಬ್ಬಳು ಹಿಂದೆ ಉಳಿಯುವಂತಿಲ್ಲ. ತಗೋ, ಕೊಡು, ತಗೋ, ಕೊಡು. ಬೆರಳ ಚರ್ಮ ಸುಲಿದು ನೂಲಿಗೆ ರಕ್ತ ಹತ್ತಿದಾಗ ಅವಳು ತನ್ನ ಓಢಣಿಯ ಅಂಚು ಹರಿದು ನನ್ನ ಬೆರಳಿಗೆ ಕಟ್ಟಿದಳು. ನಾನು ಬೇಡ ಎನ್ನಲಿಲ್ಲ.

"ಚಾಚಿ ನನಗ ದಿನಾ ಏನ್ ಹೇಳತಿದ್ಲು ಗೊತ್ತೈತೇನು?" ಎಂದಳು, ಕೈ ನಿಲ್ಲಿಸದೆ.

"ನಿನ್ನ ಕೈ ಭಾಳ ಚಲೋ ಐತಿ ಅಂತ. ಮತ್ತೇನು?"

"ಅಲ್ಲಬೇ. 'ಸಾವಕಾಶ ಮಾಡ, ಅವಸರ ಮಾಡಬ್ಯಾಡ. ಹಿಂದ ನನ್ನ ಮಗಳ ನೋಡಾಕತ್ತಾಳ' ಅಂತಿದ್ಲು. ನನಗ ಅಂತ ಒಂದ್ಸಲ ತೋರಸ್ತಿದ್ಲು. ತಿಳೀತ್ರಿ ಚಾಚಿ ಅಂದ್ರೂ ಮತ್ತ ತೋರಸ್ತಿದ್ಲು. ಅದು ನಿನಗ."

ನನ್ನ ಕೈ ನಿಂತಿತು. ಅಮ್ಮಿಗೆ ಗೊತ್ತಿತ್ತು. ಎಳೆಗಳ ಆಚೆ ನನ್ನ ಕಣ್ಣುಗಳಿವೆ ಎಂದು ಗೊತ್ತಿದ್ದೇ ಅಷ್ಟು ನಿಧಾನವಾಗಿ ಬೆರಳಾಡಿಸುತ್ತಿದ್ದಳು. ನಾನು ನೀಲಾಳ ಹೆಗಲ ಮೇಲೆ ತಲೆಯಿಟ್ಟು, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತೆ. ಅವಳು, "ಆಮ್ಯಾಲೆ ಅಳಾಕ ಬರತೈತಿ. ಎಳಿ ಕೊಡು" ಎಂದಳು.

ಜಮಖಾನ ಮಗ್ಗದಿಂದ ಇಳಿದ ದಿನ ಮೇಲುಗಡೆ ಎಲ್ಲೋ ಮಳೆ ಹೊಡೆದಿತ್ತು. ನಾವು ಅಮ್ಮಿಯನ್ನು ನಡುವೆ ಕೂರಿಸಿಕೊಂಡು ಟಂಟಂನಲ್ಲಿ ಯಮನೂರಿನ ತನಕ ಹೋಗಿ, ಅಲ್ಲಿಂದ ಹೆಸರು ಹೊಲದ ಬದುವಿನಲ್ಲಿ ನಡೆದೆವು. ಕರಿ ಎರಿ ಮಣ್ಣು ಕಾಲು ಬಿಡುತ್ತಿರಲಿಲ್ಲ. ಅಮ್ಮಿಯ ಕಾಲಿಗೆ ಮಾತ್ರ ಒಂದು ಚೂರೂ ಮೆತ್ತಲಿಲ್ಲ. ಕೈ ಹಿಡಿದರೆ ಹಿಡಿದ ಹಾಗೇ ಅನ್ನಿಸುತ್ತಿರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ದಂಡೆ ಮುಟ್ಟಿದೆವು. ಕೆಂಪಗೆ, ಕಸಕಡ್ಡಿ ಹೊತ್ತು, ಹಳ್ಳ ಏರುತ್ತಿತ್ತು.

ನಡುವಿನ ಬಂಡೆಯ ಮೇಲೆ ನಮ್ಮ ವಯಸ್ಸಿನವಳೇ ಒಬ್ಬಳು ಕೂತಿದ್ದಳು. ಅವಳ ಕೂದಲಿಂದ ನೀರು ಇಳಿಯುತ್ತಲೇ ಇತ್ತು, ಕೆಳಗಿನ ಕಲ್ಲು ಮಾತ್ರ ಒಣಗಿತ್ತು. ಅವಳ ಹಿಂದೆ ನೀರಿನ ಮೇಲೆ ಒಂದು ನೆರಳು ಕೂತು ನೇಯುತ್ತಿತ್ತು. ಆ ಕುತ್ತಿಗೆ ಬಾಗಿದ ರೀತಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ. ಅದು ನನ್ನ ಅಮ್ಮಿಯ ನೆರಳು.

"ತಂದೀರೇನು? ಹಾಸ್ರಿ, ನೋಡೂಣು" ಎಂದಳು ಅಕ್ಕ.

ಅಮ್ಮಿಯನ್ನು ದಂಡೆಯ ಮೇಲೆ ಕೂರಿಸಿ, ಜಮಖಾನದ ಒಂದು ತುದಿಯನ್ನು ನೀಲಾ, ಇನ್ನೊಂದನ್ನು ನಾನು ಹಿಡಿದು ನೀರಿಗಿಳಿದೆವು. ಅವಳು ನನಗಿಂತ ಒಳಗೆ, ಎದೆಮಟ್ಟ ನೀರಿನಲ್ಲಿ ನಿಂತಳು. ಸೆಳೆತಕ್ಕೆ ಇಬ್ಬರಿಗೂ ಕಾಲು ಊರಲಾಗುತ್ತಿರಲಿಲ್ಲ; ನಡುವಿನ ಜಮಖಾನವೇ ಹಗ್ಗದ ಹಾಗೆ ಬಿಗಿದು ನಮ್ಮನ್ನು ನಿಲ್ಲಿಸಿತ್ತು. ಎರಡು ನವಿಲುಗಳು ಒಂದನ್ನೊಂದು ನೋಡುತ್ತ ನೀರಿನ ಮೇಲೆ ತೇಲಿದವು. ಅಕ್ಕ ಬಗ್ಗಿ ನೋಡಿದಳು, ನಡುವಿನ ಕೊಕ್ಕೆಗಳನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಒಂದೂ ಬಿಡಲಿಲ್ಲ.

"ನಮ್ಮ ಜಮಖಾನ ನಮಗ ಬಂತು. ಆದ್ರ ನಮ್ಮ ಮಗ್ಗ ಅರ್ಧಕ್ಕ ನಿಂತೈತಿ, ನೇಯೋ ಕೈ ಒಂದು ಬೇಕು." ಅವಳು ನನ್ನ ಕಡೆ ತಿರುಗಿದಳು. "ಆ ತುದಿಗೆ ನಿಂತಾಕಿ ನಿನ್ನ ರಕ್ತ ಅಲ್ಲ. ನಿನ್ನ ಜಾಗಾದಾಗ ಕುಂತಾಕಿ. ನೀ ನಿನ್ನ ತುದಿ ಬಿಡು. ಜಮಖಾನದ ಜೋಡಿ ಆಕಿ ಬರತಾಳ. ನಿಮ್ಮವ್ವ ಹೆಂಗ ಇದ್ಲೋ ಹಂಗ ಮನಿಗೆ ಬರತಾಳ."

"ಬಿಡಲಿಲ್ಲ ಅಂದ್ರ?"

"ನಿಮ್ಮವ್ವ ಬರತಾಳ. ಆಕಿ ಕೈಯಾಗಿನ ವಿದ್ಯಾ ಬರೂದಿಲ್ಲ. ಅದು ಇಲ್ಲೇ ಇರತೈತಿ."

ನನ್ನ ಬೆರಳು ಸಡಿಲಾದವು. ಹೌದು, ಸಡಿಲಾದವು. ಆ ವಿದ್ಯೆ ಬಿಟ್ಟರೆ ಅಮ್ಮಿ ಏನು? ನಾನು ಬದುಕಿನಲ್ಲಿ ಬೇಡಿದ್ದು ಒಂದೇ, ಅವಳು ಒಂದು ದಿನ ಹಲಗೆ ತಟ್ಟಿ ನನ್ನನ್ನು ಕೂರಿಸಿಕೊಳ್ಳಬೇಕು, ನನ್ನ ಕೈ ಹಿಡಿದು ಕಲಿಸಬೇಕು. ದಾದಿಯೇ ತಲೆಯ ಮೇಲೆ ಕೈ ಇಟ್ಟ ಮೇಲೆ ಇನ್ನು ಕದ್ದು ಕಲಿಯುವ ಕಾರಣವೂ ಉಳಿದಿರಲಿಲ್ಲ. ತುದಿ ಬಿಟ್ಟರೆ ಅದು ನನ್ನದು.

ನೀಲಾ ನನ್ನ ಬೆರಳು ನೋಡಿದಳು. ಅವಳಿಗೆ ತಿಳಿಯಿತು. ಏರಿದ ನೀರಿನಿಂದ ಗದ್ದ ಮೇಲೆತ್ತಿ, "ಬಿಡು ನಸ್ರೀನ್. ಚಾಚಿ ಕೈ ಹೋಗಬಾರದು" ಎಂದಳು.

ನನ್ನ ಬೆರಳಿಗೆ ಕಟ್ಟಿದ್ದ ಅವಳ ಓಢಣಿಯ ಚೂರು ತೊಯ್ದು ತೊಪ್ಪೆಯಾಗಿತ್ತು. ನಾನು ಜಮಖಾನದ ತುದಿಯನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡೆ.

"ಬಾಯಿ ಮುಚ್ಚಲೇ! ನಿನ್ನ ಕಟ್ಟಿಕೊಂಡು ನಾ ಮನಿಗೆ ಹೋಗಾಕಿ." ಆಮೇಲೆ ಅಕ್ಕನಿಗೆ ಕೂಗಿ ಹೇಳಿದೆ, "ವಿದ್ಯಾ ಇಟಗೋರಿ! ನನಗ ನನ್ನ ತಾಯಿ ಕೊಡ್ರಿ. ಈಕಿನೂ ಬೇಕು. ಇಬ್ರೂ ಬೇಕು!"

ಕೂಗಿ ಮುಗಿಯುವಷ್ಟರಲ್ಲಿ ಮೇಲಿನ ನೀರು ಬಂತು. ನಾನು ಜಮಖಾನವನ್ನು ನನ್ನ ಕಡೆ ಜಗ್ಗಿದೆ, ನೀಲಾ ಅದನ್ನು ಹಿಡಿದು ನನ್ನ ಕಡೆ ಬಂದಳು. ಅವಳ ಜಡೆ ಕೈಗೆ ಸಿಕ್ಕಿತು, ಆಮೇಲೆ ತೋಳು. ಸಿಕ್ಕ ಮೇಲೆ ಜಮಖಾನವನ್ನು ಬಿಟ್ಟೆ. ನವಿಲುಗಳೆರಡೂ ಕೂಡಿ ಬಂಡೆಯ ಕಡೆ ಹೋದವು. ಕೆಸರು ಕುಡಿಯುತ್ತ, ಒಬ್ಬಳನ್ನೊಬ್ಬಳು ಎಳೆಯುತ್ತ ದಂಡೆಗೆ ಬಂದು ಬಿದ್ದೆವು. ಬಂಡೆ ಮುಳುಗಿತ್ತು. ಅಕ್ಕ ಇರಲಿಲ್ಲ.

"ನಸ್ರೀನ್" ಎಂದಳು ಅಮ್ಮಿ. "ಸಲವಾರ ತುಂಬ ಎರಿ ಮಾಡ್ಕೊಂಡಿಯಲ್ಲ. ಯಾರು ತೊಳೀಬೇಕು ಇದನ್ನ?"

ಅವಳ ಬೆರಳುಗಳು ಒಣಗಿದ್ದವು. ಅವಳು ಕೂತ ಕಡೆ ಕರ್ರಗಿನ ನೆರಳು ಬಿದ್ದಿತ್ತು. ನಾವಿಬ್ಬರೂ ಅವಳ ಮೇಲೆ ಬಿದ್ದು ಹೇಗೆ ಅತ್ತೆವೆಂದರೆ, ಪಾಪ, ಅವಳು ಹೆದರಿದಳು.

ಮನೆಗೆ ಬಂದು ಬಿಸಿ ನೀರು ಹಾಕಿಕೊಂಡು, ಉಂಡು, ಅಮ್ಮಿ ಮಗ್ಗದ ಮುಂದೆ ಬಂದು ನಿಂತಳು. ನಾವು ಮೂವರೂ ಅವಳ ಕೈಯನ್ನೇ ನೋಡಿದೆವು. ಅವಳು ಪಂಜಾವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ತಲಿ ಹಿಕ್ಕೋ ಹಣಿಗಿ ಏನು?" ಎಂದು ಕೇಳಿದಳು. ನಮ್ಮ ಮುಖ ನೋಡಿ, ತಪ್ಪು ಮಾತಾಡಿದೆನೆಂದು ನಾಚಿಕೊಂಡಳು. ದಾದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನಾನು ಕಾದಿದ್ದ ದಿನ ಇನ್ನು ಬರುವುದಿಲ್ಲ ಎಂದು ನನಗೆ ಆಗ ಪೂರ್ತಿ ತಿಳಿಯಿತು. ಸಿಕ್ಕಿದ್ದಕ್ಕೆ ಸಂತೋಷಪಡಬೇಕು ಎನ್ನುತ್ತಾರೆ. ಎದೆ ಕೇಳಬೇಕಲ್ಲ.

ನೀಲಾ ನನ್ನನ್ನು ಮೊಣಕೈಯಿಂದ ತಿವಿದಳು. "ಮಗಳಿಗೆ ಕಲಸಬಾರದು ಅಂತ ಐತಿ. ತಾಯಿಗೆ ಕಲಸಬಾರದು ಅಂತ ಯಾರರೆ ಹೇಳ್ಯಾರೇನು?" ಎಂದು ಪಿಸುಗುಟ್ಟಿ, ತಾನೇ ಮಗ್ಗದ ಹಿಂದೆ ಹೋಗಿ, ನನ್ನ ಹಳೆಯ ಜಾಗದಲ್ಲಿ ನೂಲಿನ ಬುಟ್ಟಿ ಎಳೆದುಕೊಂಡು ಕೂತಳು.

ನಾನು ಹಲಗೆಯ ಮೇಲೆ ಸರಿದು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದೆ.

"ಬಾ ಅಮ್ಮಿ, ಕೂಡು."

ಅವಳು ಕೂತಳು. ಅವಳ ಬೆರಳುಗಳನ್ನು ನನ್ನ ಬೆರಳುಗಳ ಒಳಗೆ ಹಿಡಿದು ಮೊದಲ ಎಳೆ ಆರಿಸಿದೆ. ಜಾರಿತು. ಮತ್ತೆ ಹಿಡಿಸಿದೆ. ಮತ್ತೆ ಜಾರಿತು. ಮೂರನೆಯ ಸಲ ಎಳೆ ನಿಂತಾಗ ಅವಳು ಹುಡುಗಿಯ ಹಾಗೆ ಹಿಗ್ಗಿ ನನ್ನ ಕಡೆ ತಿರುಗಿದಳು.

"ಎಷ್ಟ ಚಂದ ಮಾ‌ಡತಿ ಬೇಟಿ! ನಿನಗ ಇದನ್ನ ಯಾರ ಕಲಿಸಿದ್ರು?"

"ನೀನ, ಅಮ್ಮಿ."

ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡು ಅವಳು ನಕ್ಕಳು, ನನ್ನ ಕೆನ್ನೆಗೆ ಮೆಲ್ಲಗೆ ಬಡಿದು, ಅವಸರದಿಂದ ಮುಂದಿನ ಎಳೆಗೆ ಕೈ ಹಾಕಿದಳು. ಮಗ್ಗದ ಆಚೆಯಿಂದ ನೀಲಾ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು.

"ಸಾವಕಾಶ ಮಾಡ, ಅಮ್ಮಿ" ಎಂದೆ. "ಅವಸರ ಮಾಡಬ್ಯಾಡ."